ಬಸವಣ್ಣೆವ್ವನ ಪಂಪು

ಬೆಟಗೇರಿಯ ಬಸವಣ್ಣೆವ್ವ ಇಪ್ಪತ್ತೆರಡು ವರ್ಷ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ದುಡಿದವಳು. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆಯ ಮೇಲೆಲ್ಲ ಹತ್ತಿಯ ಎಳೆ. ಗಂಡ ತೀರಿಕೊಂಡ ಮೇಲೆ ಮಗಳು ವಾಣಿಶ್ರೀಯನ್ನು ಡಿಗ್ರಿಯವರೆಗೆ ಓದಿಸಿದ್ದು ಅದೇ ದುಡಿಮೆಯಲ್ಲಿ. ಕೆಮ್ಮು ಹತ್ತಿದಾಗ ಓಣಿಯವರು ಟಿಬಿ ಎಂದರು. ಎರಡು ಸಲ ಕಫ ಪರೀಕ್ಷೆ ಮಾಡಿದರೂ ಟಿಬಿ ಸಿಗಲಿಲ್ಲ. ಕೊನೆಗೆ ಡಾಕ್ಟರು ಯಂತ್ರದ ಕೊಳವೆಯೊಳಗೆ ಜೋರಾಗಿ ಊದಿಸಿ ನೋಡಿ, ಇದು ಸಿಒಪಿಡಿ, ಧೂಳು ಮತ್ತು ಒಲೆಯ ಹೊಗೆಯಿಂದ ಶ್ವಾಸಕೋಶಕ್ಕೆ ಬಂದ ಕಾಯಿಲೆ, ಪೂರ್ತಿ ಹೋಗುವುದಿಲ್ಲ ಎಂದರು.

“ಹೋಗಂಗಿಲ್ಲಂದ್ರ ಇರಲಿ ಬಿಡ್ರಿ,” ಎಂದಳು ಬಸವಣ್ಣೆವ್ವ. “ಆದ್ರ ನನ್ನ ಮೈಯಾಗ ಇರೂದಾದ್ರ ನಾ ಹೇಳಿದಂಗ ಇರಬೇಕದು.”

ಜಿನ್ನು ಬಿಟ್ಟಳು. ಕಟ್ಟಿಗೆ ಒಲೆ ಕಿತ್ತು ಹಿತ್ತಲಿಗೆ ಎಸೆದಳು. ದಿನಾ ಎರಡು ಹೊತ್ತು ಉಸಿರಿನ ಔಷಧಿಯ ಪಂಪನ್ನು ಬಾಯಿಗಿಟ್ಟು ಎಳೆದು, ಆಮೇಲೆ ಬಾಯಿ ಮುಕ್ಕಳಿಸುವುದನ್ನು ತಪ್ಪಿಸಲಿಲ್ಲ. ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂತವರನ್ನು, ನೆಂಟರಾದರೂ ಸರಿ, ಎಬ್ಬಿಸಿ ಕಳಿಸುತ್ತಿದ್ದಳು. ಸಂತೆಯಲ್ಲಿ ನಿಂಬೆಹಣ್ಣು, ಕೊತ್ತಂಬರಿ ಮಾರಲು ಕೂತಳು.

ಕಳೆದ ವರ್ಷ ವಾಣಿಶ್ರೀಯನ್ನು ನೋಡಲು ಶಿರಹಟ್ಟಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಬಸವಣ್ಣೆವ್ವನ ತಮ್ಮ ಸುಭಾಸ ಬೆಳಿಗ್ಗೆಯೇ ಬಂದು ಪಂಪನ್ನು ಅಡುಗೆಮನೆ ಗೋಡೆಯ ಮಾಡದೊಳಗೆ ಅಡಗಿಸಿಟ್ಟ.

“ಅವ್ರ ಮುಂದ ಇದನ್ನ ತಗೀಬ್ಯಾಡಕ್ಕಾ. ಟಿಬಿ ಮನಿತನ ಅಂತಾರ. ಒಂದು ತಾಸು ತಡಕೋ.”

ಬಂದವರು ಕೂತರು. ಚಹಾ ಆಯಿತು. ಶುಭಕಾರ್ಯವೆಂದು ಸುಭಾಸನೇ ದೇವರ ಮುಂದೆ ಒಂದು ಕಟ್ಟು ಊದುಬತ್ತಿ ಹಚ್ಚಿದ್ದ. ಹೊಗೆ ಪಡಸಾಲೆಗೆ ಬಂತು. ಬಸವಣ್ಣೆವ್ವನ ಎದೆ ಬಿಗಿಯಿತು, ಉಸಿರು ಸಿಳ್ಳೆ ಹಾಕತೊಡಗಿತು. ಸುಭಾಸ ಕಣ್ಣಲ್ಲೇ ಬೇಡ ಎಂದ.

“ವಾಣಿ... ಮಾಡದಾಗಿನ ಪಂಪ್ ತಾ.”

ನೋಡಿಸಿಕೊಳ್ಳಲು ತಲೆ ತಗ್ಗಿಸಿ ಕೂತಿದ್ದ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಹೋಗಿ ತಂದುಕೊಟ್ಟಳು. ಎಲ್ಲರೂ ನೋಡುತ್ತಿದ್ದಂತೆ ಬಸವಣ್ಣೆವ್ವ ಎರಡು ಸಲ ಎಳೆದಳು.

“ಅಂಟು ಬ್ಯಾನಿ ಏನ್ರಿ?” ಗಂಡಿನ ತಾಯಿ ಸೆರಗನ್ನು ಮೂಗಿಗೆ ಹಿಡಿದು ಕೇಳಿದಳು.

“ಇಲ್ರಿ. ಜಿನ್ನಿನ ಧೂಳು, ಒಲಿ ಹೊಗಿ. ನಾ ದುಡದು ಗಳಿಸಿದ್ದು. ನೀವು ಬೇಡಿದ್ರೂ ಕೊಡಾಕ ಬರಂಗಿಲ್ಲ.”

ವಾರದ ಮೇಲೆ ಶಿರಹಟ್ಟಿಯಿಂದ ಬೇಡವೆಂದು ಖಬರು ಬಂತು. “ನಿನ್ನಿಂದ ಕೂಸಿನ ಲಗ್ನ ತಪ್ಪಿತು!” ಎಂದು ಸುಭಾಸ ಕೂಗಾಡಿ ಹೋದ. ಬಸವಣ್ಣೆವ್ವನಿಗೆ ಒಳಗೆ ಚುರುಕ್ಕೆಂದಿತು. ಆ ದಿನ ಊಟ ಸೇರಲಿಲ್ಲ.

ವಾಣಿಶ್ರೀ ತಾಟು ತಂದು ಮುಂದಿಟ್ಟಳು. “ನಿನ್ನ ಉಸುರು ಕಟ್ಟಿಸಿ ನಾ ಲಗ್ನ ಆಗಬೇಕಿತ್ತೇನವ್ವಾ? ಉಣ್ಣು.”

ಮುಂಡರಗಿಯ ಸಂಬಂಧ ಬಂದಾಗ ಬಸವಣ್ಣೆವ್ವ ತಾನೇ ಅವರಿಗೆ ಫೋನು ಮಾಡಿದಳು. “ನನಗ ಎದಿ ಬ್ಯಾನಿ ಐತ್ರಿ, ಪಂಪ್ ಎಳಿತೀನಿ. ಒಪ್ಪಿಗಿ ಇದ್ರ ಬರ್ರಿ, ಇಲ್ಲಾಂದ್ರ ಅಲ್ಲೇ ಇರ್ರಿ.”

ಅವರು ಬಂದರು. ಹುಡುಗ ಸಿದ್ದಲಿಂಗೇಶ ವಾಣಿಶ್ರೀಗೆ ಹಿಡಿಸಿದ.

ಮದುವೆ ಮುಂಡರಗಿಯಲ್ಲಿ, ಮಹಡಿಯ ಮೇಲಿನ ಮಂಟಪದಲ್ಲಿ. ಇಪ್ಪತ್ನಾಲ್ಕು ಮೆಟ್ಟಿಲು. ಬೀಗರಿಬ್ಬರು ಕುರ್ಚಿ ತಂದು, ಕೂಡ್ರಿ, ಹೊತ್ತು ಒಯ್ಯುತ್ತೇವೆ ಎಂದರು. ಆಕೆ ಕುರ್ಚಿ ಆಚೆ ಸರಿಸಿದಳು. ಆರು ಮೆಟ್ಟಿಲು ಹತ್ತಿ ನಿಂತಳು. ಮತ್ತೆ ಆರು.

ಮೇಲಿನಿಂದ ಸುಭಾಸ ಕೂಗಿದ, “ಅಕ್ಕಾ, ಜಲ್ದಿ ಬಾ! ಮುಹೂರ್ತ ಮೀರಾಕತ್ತೈತಿ, ಎಲ್ಲಾರೂ ಕಾಯಾಕತ್ತಾರ!”

“ಕಾಯಲಿ,” ಎಂದಳು ಬಸವಣ್ಣೆವ್ವ, ಗೋಡೆಗೆ ಕೈಯಾನಿಸಿ ನಿಂತು.

ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದ ಮುನ್ನೂರು ಜನ ಕಾದರು.