ಸಂಗ್ರಹಿಸುವರು

ನಮ್ಮ ವಿಜ್ಞಾನದ ಮಿಸ್ ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಾಗಿತ್ತು. ಬೇತಮಂಗಲದ ಬಸ್ಸಿನ ಬಾಗಿಲಿಗೆ ಸಿಕ್ಕಿ ಜಜ್ಜಿದ್ದು. ಪಾಠ ಮಾಡುವಾಗ ಆ ಉಗುರನ್ನೇ ಪುಸ್ತಕದ ಸಾಲಿನ ಕೆಳಗೆ ಒತ್ತಿ ಎಳೆಯುತ್ತಿದ್ದರು. ಅವರು ಓದಿದ ಪುಟವನ್ನು ಸವರಿದರೆ ಗೀರು ಬೆರಳಿಗೆ ತಾಗುತ್ತಿತ್ತು.

ಆಂಡರ್ಸನ್‌ಪೇಟೆಯ ನಮ್ಮ ಶಾಲೆಯಲ್ಲಿ ಎದುರಿಗೆ ಅವರು ಮಿಸ್, ಬೆನ್ನ ಹಿಂದೆ ಪುಕ್ಕಲು ಮಿಸ್. ಹೆಡ್‌ಮಾಸ್ಟರರ ಚಪ್ಪಲಿ ಸದ್ದು ಕೇಳಿದರೆ ಸೀಮೆಸುಣ್ಣ ಕೈಯಲ್ಲೇ ಮುರಿಯುತ್ತಿತ್ತು. "ಪುಸ್ತಕದೊಳ್ಗೆ ಇರೋದನ್ನ ಮಾಡಿದ್ರೆ ಯಾರೂ ನಮ್ಮನ್ನ ಏನೂ ಅನ್ನಂಗಿಲ್ಲ ಕಣ್ರಮ್ಮ" ಎನ್ನುತ್ತಿದ್ದರು.

ನಾನು ಎಂಟನೇ ತರಗತಿಯಲ್ಲಿದ್ದಾಗ, ಬಂಗಾರಪೇಟೆಯ ವಿಜ್ಞಾನ ಮೇಳಕ್ಕೆ ನಮ್ಮಿಬ್ಬರಿಂದ ಒಂದು ಯೋಜನೆ ಮಾಡಿಸಿದರು. ನಾನು, ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಗಣಿಯಿಂದ ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ ಸೈನೈಡ್ ಗುಡ್ಡದಿಂದ ಗಾಳಿಕಾಲದಲ್ಲಿ ಯಾವ ಬೀದಿಗೆ ಎಷ್ಟು ದೂಳು ಬರುತ್ತದೆ ಎಂದು ನೋಡುವುದು. ಹರಳೆಣ್ಣೆ ಸವರಿದ ತಟ್ಟೆಗಳನ್ನು ಮನೆಗಳ ಮೇಲೆ ಇಟ್ಟು, ಅಂಟಿದ ದೂಳನ್ನು ತೂಗಬೇಕಿತ್ತು.

ಹೆಡ್‌ಮಾಸ್ಟರರು ಒಪ್ಪಲಿಲ್ಲ. "ಗುಡ್ಡದ ವಿಚಾರ ನಮಗ್ಯಾಕ್ರೀ ಮೇಡಂ? ಸಿಲಬಸ್‌ನಲ್ಲಿ ಇದೆಯಾ?"

"ಐತೆ ಸಾರ್, ಐತೆ," ಎಂದರು ಮಿಸ್.

ಎರಡು ದಿನ ಕೂತು ಒಂದು ಹಾಳೆ ಮಾಡಿದರು. ಎಡಕ್ಕೆ ನಾವು ಮಾಡುವ ಕೆಲಸ, ಬಲಕ್ಕೆ ಅದರ ಕಲಿಕಾ ಫಲ. ತಟ್ಟೆಯ ಎದುರಿಗೆ ವಾಯುಮಾಲಿನ್ಯದ ಪಾಠ, ತೂಕದ ಎದುರಿಗೆ ಗಣಿತದ ಸರಾಸರಿ. ಬಲಗಡೆ ಇನ್ನೂ ಒಂದು ಸಾಲು ತುಂಬಿದರೆ ಗಟ್ಟಿ ಎಂದು ಶಿಕ್ಷಕರ ಕೈಪಿಡಿಯಿಂದ ಇದ್ದಹಾಗೇ ಇಳಿಸಿದರು: ವಿದ್ಯಾರ್ಥಿಗಳು ಸ್ಥಳೀಯ ಮಣ್ಣಿನ ಮಾದರಿಯನ್ನು ಸಂಗ್ರಹಿಸುವರು. ಹೆಡ್‌ಮಾಸ್ಟರರು ಸಹಿ ಹಾಕಿದರು.

ತಟ್ಟೆಗಳನ್ನು ಕೊಡುವಾಗ ಮೆಟ್ಟಿಲ ಹತ್ತಿರ ನಮ್ಮಿಬ್ಬರನ್ನೇ ನಿಲ್ಲಿಸಿ ಅಂದರು: "ಗುಡ್ಡದ ತಾವ ಮಾತ್ರ ಓಗ್‌ಬ್ಯಾಡ್ರಿ. ಮೇಲೆ ಒಣಗ್ದಂಗೆ ಕಾಣ್ತದೆ, ಒಳಗೆ ಕೆಸ್ರು." ನಾವು ಸ್ವಲ್ಪ ದೂರ ಹೋದ ಮೇಲೆ ಕೂಗಿ ಮತ್ತೊಮ್ಮೆ ಹೇಳಿದರು.

ಮೇಳದ ಹಿಂದಿನ ದಿನ ಆ ಹಾಳೆಯನ್ನು ನಾನು ಚಾರ್ಟಿಗೆ ಇಳಿಸುತ್ತಿದ್ದೆ. ನಾವು ಮಾಡದೆ ಉಳಿದಿದ್ದು ಕೊನೆಯ ಸಾಲು ಒಂದೇ. ತೀರ್ಪುಗಾರರು ಮಣ್ಣೆಲ್ಲಿ ಎಂದು ಕೇಳಿದರೆ? ಸಂಜೆ ಶಾಲೆ ಬಿಟ್ಟೊಡನೆ ಗೆಳತಿಯನ್ನು ಗುಡ್ಡದ ಕಡೆ ಹೊರಡಿಸಿದೆ. ಊಟದ ಡಬ್ಬಿ ತೊಳೆದು ಹಿಡಿದುಕೊಂಡೆವು. ಹಿಂದಿನ ದಿನ ಮಳೆ ಬಂದಿತ್ತು.

ಅವಳು ಮುಂದೆ ಇದ್ದಳು. ಮೊದಲು ಪಾದ ಹೂತಿತು. "ಏಯ್, ಇಡ್ಲಿ ಇಟ್ಟು ಇದ್ದಂಗೈತೆ ಕಣೇ!" ಎಂದು ನಕ್ಕಳು. ಕಾಲು ಎಳೆಯಲು ಹೋದಾಗ ಮೊಣಕಾಲವರೆಗೆ ಹೋಯಿತು. ಇನ್ನೊಂದು ಕಾಲೂ ಹೋಯಿತು. ಆಮೇಲೆ ಅವಳು ನಗಲಿಲ್ಲ.

ನಾನು ಓಡಿದೆ. ಮಿಸ್ ಬಸ್‌ಸ್ಟಾಪಿನಲ್ಲಿದ್ದರು. ಏನು ಹೇಳಿದೆನೋ ನೆನಪಿಲ್ಲ. ಅವರು ಅಲ್ಲಿದ್ದ ಆಟೋದವರನ್ನು ಎಳೆದುಕೊಂಡು ಬಂದರು. ಅಷ್ಟರಲ್ಲಿ ಗೆಳತಿ ಸೊಂಟದವರೆಗೆ ಇಳಿದಿದ್ದಳು.

"ಒದ್ದಾಡ್‌ಬ್ಯಾಡಲೇ! ಇಂದಕ್ಕೆ ಮಲಕ್ಕೋ, ಕೈ ಅಗಲ ಮಾಡು!" ಎಂದು ಕೂಗುತ್ತ ಮಿಸ್ ತಾವೇ ಆ ಬೂದಿ ಮಣ್ಣಿನ ಮೇಲೆ ಬೋರಲು ಮಲಗಿ ತೆವಳಿದರು. ಆಟೋದವರು ಹಿಂದಿನಿಂದ ಹಗ್ಗ ಎಸೆದು, "ಬಯಪ್ಪಡಾದೇ ಮಾ, ಬಯಪ್ಪಡಾದೇ," ಎನ್ನುತ್ತಿದ್ದರು. ಹೆದರಬೇಡ ಎಂದು ತಮಿಳಿನಲ್ಲಿ ಹೇಳುತ್ತಲೇ ಹಗ್ಗ ಎಳೆದರು. ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅವಳು ಬಂದಳು. ಅವಳ ಎರಡೂ ಚಪ್ಪಲಿ ಬರಲಿಲ್ಲ.

ಮರುದಿನ ಅವಳು ಆಸ್ಪತ್ರೆಯಲ್ಲಿದ್ದಾಗ ಹೆಡ್‌ಮಾಸ್ಟರರು ನನ್ನನ್ನು ಕರೆಸಿದರು. ಮಿಸ್ ಗೋಡೆಗೆ ಆನಿಕೊಂಡು ನಿಂತಿದ್ದರು.

"ಮೇಡಂ ಕಳಿಸಿದ್ರಾ, ನೀವೇ ಹೋದ್ರಾ? ನೀವೇ ಹೋಗಿದ್ರೆ ಇವತ್ತೇ ಟಿ.ಸಿ."

"ಹಾಳೇಲಿ ಬರ್ದಿತ್ತು ಸಾರ್," ಎಂದೆ.

ಅದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದೆ.

ಮಿಸ್ ನನ್ನನ್ನು ನೋಡಿದರು. ಕೈಪಿಡಿ ಅವರ ಕೈಚೀಲದಲ್ಲೇ ಇತ್ತು. ಆ ಸಾಲು ಪುಸ್ತಕದ್ದು ಎಂದು ತೋರಿಸಬಹುದಿತ್ತು. ಬೇಡ ಎಂದು ಎರಡು ಸಲ ಹೇಳಿದ್ದೆ ಎನ್ನಬಹುದಿತ್ತು.

"ಆ ಸಾಲು ನಾನ್ ಬರ್ದಿದ್ದು ಸಾರ್. ಮಕ್ಳು ಓದಿದ್ದನ್ನ ಮಾಡವ್ರೆ," ಎಂದರು. ಹೇಳಿದ್ದನ್ನೇ ಬರೆದು ಸಹಿ ಹಾಕಿದರು. ಆ ತಿಂಗಳೇ ಅವರಿಗೆ ದೂರದ ಹಳ್ಳಿಗೆ ವರ್ಗವಾಯಿತು.

ಈಗ ನಾನೂ ಬಂಗಾರಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಮಕ್ಕಳ ಯೋಜನೆಗೆ ಕಲಿಕಾ ಫಲ ಬರೆಯುವಾಗ ಯಾರು, ಎಲ್ಲಿಂದ, ಯಾವ ದೊಡ್ಡವರ ಜೊತೆ ಎಂದು ಬರೆಯದೆ ಸಾಲು ಮುಗಿಸಲಾರೆ. ಬರೆದ ಮೇಲೂ ಹೆದರಿಕೆ ಹೋಗುವುದಿಲ್ಲ.

ಹೋದ ವರ್ಷ ಮಿಸ್ ತೀರಿಕೊಂಡರು. ಮಣ್ಣಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಗೆಳತಿ ಕೇಳಿದಳು: "ಅವತ್ತು ಹೆಡ್‌ಮಾಸ್ಟರ್ ತಾವ ನಾನಿರ್ಲಿಲ್ಲ. ಮಿಸ್ ಬ್ಯಾಡ ಅಂದಿದ್ರು ಅಂತ ನೀನು ಯೇಳಿದ್ದೆ ಅಲ್ವೇನೇ?"

ಬಸ್ಸಿನಲ್ಲಿ ಜನ ತುಂಬಿದ್ದರು, ನಾನು ಕಿಟಕಿಯ ಕಡೆ ತಿರುಗಿದೆ. ಅವಳಿಗೆ ಅಲ್ಲಿ ಕೊಡದ ಉತ್ತರ ಇದು: ಇಲ್ಲ ಕಣೇ, ಹೇಳಲಿಲ್ಲ.