ಗಿರಿಜಾಳ ಮುರಿಯಬಾರದ ದಾಖಲೆ

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಗಿರಿಜಾ ತಲೆಯ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಜರಿ ಶಾಲು, ಕೈಯಲ್ಲಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಸ್ಕೂಲಿನ ಮೈದಾನದಲ್ಲಿ ಓಡಿದಳು.

ಅವಳನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. (ಸಿಸ್ಟರ್ ಪ್ರಿನ್ಸಿಪಾಲ್ ಹಿಂದೆಯೇ ಬಂದರು, ನಿಜ. ಆದರೆ ಅದನ್ನು ಅಟ್ಟಿಸಿಕೊಂಡು ಬರುವುದು ಅನ್ನಲಾಗದು. ಕಾನ್ವೆಂಟಿನಲ್ಲಿ ಅದಕ್ಕೆ 'ಬ್ರಿಸ್ಕ್ ವಾಕ್' ಅನ್ನುತ್ತಾರೆ.)

ಮತ್ತೆ ಯಾಕೆ ಓಡಿದಳು? ಮೊದಲಿಂದ ಹೇಳುತ್ತೇನೆ.

ನಾನು ಹೆಣ್ಣುಮಕ್ಕಳ ಕಾನ್ವೆಂಟಿನಲ್ಲಿ ಓದಿದವಳು ಎಂದು ಇಲ್ಲಿ ಆಗಾಗ ಹೇಳಿ ನಿಮಗೆ ಬೇಜಾರು ಹಿಡಿಸಿದ್ದೇನೆ. ಆ ನಮ್ಮ ಸ್ಕೂಲು ಈ ಸಲದ ಸ್ಪೋರ್ಟ್ಸ್ ಡೇ ದಿನ, ಹಿಂದೆ ಆಟೋಟದಲ್ಲಿ ಹೆಸರು ಮಾಡಿದ ಹಳೆಯ ವಿದ್ಯಾರ್ಥಿನಿಯರನ್ನು ಕರೆದು ಸನ್ಮಾನ ಮಾಡಬೇಕೆಂದು ತೀರ್ಮಾನಿಸಿತು. ರಾಜ್ಯದ ಹಾಕಿ ತಂಡದಲ್ಲಿ ಆಡಿದವರೊಬ್ಬರು, ಯೂನಿವರ್ಸಿಟಿಗೆ ಶಟಲ್ ಆಡಿದವರೊಬ್ಬರು, ಮತ್ತು ಲಾಂಗ್ ಜಂಪಿನ ಗಿರಿಜಾ. ಗಿರಿಜಾ ನನ್ನ ಕ್ಲಾಸ್‌ಮೇಟ್. ಈಗಲೂ ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಇದ್ದಾಳೆ.

ನಾನು ಕಮಿಟಿಯಲ್ಲಿದ್ದೆ. ಕಮಿಟಿ ಅಂದರೆ ದೊಡ್ಡದೇನಲ್ಲ, ಪೇಟ, ಶಾಲು, ಹಣ್ಣಿನ ಬುಟ್ಟಿ ತರುವ ಕೆಲಸ. "ಸನ್ಮಾನ ನಿನ್ ಫ್ರೆಂಡ್‌ಗೆ, ಓಟ ನಿಂಗೆ" ಎಂದು ನಮ್ಮವರು ಪೇಪರಿನ ಹಿಂದಿನಿಂದ ಕಾಮೆಂಟ್ ಮಾಡಿದರು. ನಾನು ಅವರ ಕಾಫಿಗೆ ಸಕ್ಕರೆ ಕಮ್ಮಿ ಹಾಕಿದೆ, ಅಷ್ಟೆ.

ಪೇಟ ಕೊಳ್ಳಲು ಅಗ್ರಹಾರದ ಕಡೆಯ ಹಳೇ ಅಂಗಡಿಗೆ ಹೋದೆ. ಅಂಗಡಿಯವರು, "ಯಜಮಾನ್ರ ತಲೆ ಅಳತೆ ಏನಮ್ಮ?" ಅಂದರು.

"ಯಜಮಾನ್ರಿಗಲ್ಲ. ಹೆಂಗಸ್ರಿಗೆ."

ಅವರು ಸ್ವಲ್ಪ ಹೊತ್ತು ನನ್ನ ತಲೆಯನ್ನೇ ನೋಡಿದರು. "ತುರುಬು ಇರ್ತದಾ, ಜಡೆನಾ?"

ನೋಡಿ, ಇದು ನನಗೆ ಹೊಳೆದೇ ಇರಲಿಲ್ಲ! ಇಷ್ಟು ವರ್ಷ ಸನ್ಮಾನಗಳನ್ನು ನೋಡಿದ್ದೇನೆ, ಪೇಟ ಹೊಲಿದವರು ತುರುಬಿಗೆ ಜಾಗ ಬಿಟ್ಟದ್ದನ್ನು ಎಲ್ಲಾದರೂ ಕಂಡಿದ್ದೇನಾ? ಸನ್ಮಾನಕ್ಕೆ ಬರುವ ತಲೆ ಗಂಡಸರದೇ ಎಂದು ಯಾರೋ ಎಂದೋ ತೀರ್ಮಾನ ಮಾಡಿಬಿಟ್ಟಂತಿದೆ. ಒಂದು ಸೈಜ್ ದೊಡ್ಡದೇ ಕೊಡಿ ಅಂದು ತಂದೆ.

ಇನ್ನು ಗಿರಿಜಾಳ ದಾಖಲೆಯ ವಿಷಯ. ನಮ್ಮ ಸ್ಕೂಲಿನ ಪಿ.ಟಿ. ರೂಮಿನ ಹೊರಗೆ ಒಂದು ಮರದ ಬೋರ್ಡಿದೆ. ಹಸಿರು ಬಣ್ಣ, ಬಿಳಿ ಅಕ್ಷರ. ಪ್ರತಿ ಸ್ಪರ್ಧೆಯ ಎದುರು ಆ ಸ್ಪರ್ಧೆಯಲ್ಲಿ ಸ್ಕೂಲಿನ ದಾಖಲೆ ಮಾಡಿದ ಹುಡುಗಿಯ ಹೆಸರು. ಯಾರಾದರೂ ದಾಖಲೆ ಮುರಿದರೆ ಪೇಂಟರ್ ಬಂದು ಹಳೆಯ ಹೆಸರು ಅಳಿಸಿ ಹೊಸದು ಬರೆಯುತ್ತಾನೆ. ನಮ್ಮ ಕಾಲದ ಹೆಸರುಗಳೆಲ್ಲ ಒಂದೊಂದಾಗಿ ಅಳಿಸಿಹೋದವು. ಉಳಿದದ್ದು ಒಂದೇ. ಲಾಂಗ್ ಜಂಪ್, ಬಿ. ಗಿರಿಜಾ.

ಮದುವೆಯಾದ ಮೇಲೆ ಗಿರಿಜಾಳ ಆಧಾರ್, ಪಾಸ್‌ಬುಕ್, ಗ್ಯಾಸ್ ಕನೆಕ್ಷನ್ ಎಲ್ಲದರಲ್ಲೂ ಇನಿಷಿಯಲ್ ಬದಲಾಗಿದೆ. ಆ ಬೋರ್ಡಿನಲ್ಲಿ ಮಾತ್ರ ಅವಳಿನ್ನೂ ಅವರಪ್ಪನ ಮಗಳು. ವರ್ಷಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ಸ್ಕೂಲಿಗೆ ಹೋಗುತ್ತಾಳೆ. ಒಮ್ಮೆ ಪಕ್ಕದ ಮನೆ ಮಗುವಿನ ಅಡ್ಮಿಷನ್ ವಿಚಾರಿಸಲು, ಇನ್ನೊಮ್ಮೆ ಕ್ರಿಸ್‌ಮಸ್ ಕೇಕಿನ ಸ್ಟಾಲಿಗೆ. ಬರುವಾಗ ಪಿ.ಟಿ. ರೂಮಿನ ದಾರಿಯಲ್ಲೇ ಬರುತ್ತಾಳೆ. ಅದು ಸುತ್ತು ದಾರಿ. "ಇದೆಯೇನೇ?" ಅಂತ ನಾನು ಕೇಳುತ್ತೇನೆ. "ಇದೆ ಕಣೇ" ಅನ್ನುತ್ತಾಳೆ. ಅಷ್ಟೇ ಮಾತು. ಅವತ್ತು ಅವಳ ಮನೆಯ ಸಾರಿಗೂ ಒಂದು ರುಚಿ ಇರುತ್ತದೆ.

ಅವಳ ಮನೆಯಲ್ಲಿ ಈ ದಾಖಲೆಗೆ ಅಂಥ ಬೆಲೆಯೇನಿಲ್ಲ. "ಹೌದಂತೆ, ಹಾರ್ತಿದ್ಳಂತೆ" ಎಂದು ಅವಳ ಅತ್ತೆ ಒಮ್ಮೆ ನನಗೆ ಹೇಳಿದ್ದರು, ಯಾವುದೋ ಹಳೆಯ ಕಾಯಿಲೆಯ ಬಗ್ಗೆ ಹೇಳುವ ದನಿಯಲ್ಲಿ.

ಸರಿ, ಶನಿವಾರ ಬಂತು. ಹಳೆಯ ಹುಡುಗಿಯರೆಲ್ಲ (ಸ್ಕೂಲಿನವರು ಈಗಲೂ ನಮ್ಮನ್ನು 'ಗರ್ಲ್ಸ್' ಅನ್ನುವುದು, ಅದಕ್ಕೇ ನಾವು ಹೋಗುವುದು) ಶಾಮಿಯಾನದ ಕೆಳಗೆ ಕೂತೆವು. ಸಿಸ್ಟರ್ ಬಂದ ಕೂಡಲೇ ಅಷ್ಟೂ ಜನ ಎದ್ದು ನಿಂತು, "ಗುಡ್ ಮಾ...ರ್ನಿಂಗ್ ಸಿಸ್...ಟರ್" ಎಂದು ರಾಗ ಎಳೆದೆವು. ಮೊಮ್ಮಕ್ಕಳನ್ನು ಕಂಡವರೂ ಎಳೆದರು. ಮಂಡಿ ನೋವಿನವರೂ ಎದ್ದರು. ಸುತ್ತ ನೋಡಿದೆ. ಎಲ್ಲರೂ ಪಾದದ ಮೇಲೆ ಪಾದ ಇಟ್ಟು, ಮಡಿಲಲ್ಲಿ ಕೈ ಜೋಡಿಸಿ ಕೂತಿದ್ದಾರೆ. ನಮಗೆ ಇದನ್ನು ಕಲಿಸಿದ ಸಿಸ್ಟರ್ ಈಗಿಲ್ಲ. ಆದರೂ ಯಾವ ಕಾಲೂ ಅಲ್ಲಾಡಲಿಲ್ಲ.

ವೇದಿಕೆಯ ಮೇಲೆ ಮೂವರೂ ಸಾಧಕಿಯರು. ಓಡಿದವರನ್ನು, ಹಾರಿದವರನ್ನು ಗೌರವಿಸಬೇಕಾದರೆ ನಾವು ಮಾಡುವ ಮೊದಲ ಕೆಲಸ ಅವರನ್ನು ಕೂರಿಸುವುದು, ಗಮನಿಸಿದ್ದೀರಾ? ಅದೂ ಏಳಲು ಬಾರದ ಸೋಫಾದಲ್ಲಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಅಂತ ಒಂದೊಂದೇ ನಡೆಯುತ್ತಿತ್ತು. ಮೈಕು ವಿಮಲಾಳ ಕೈಯಲ್ಲಿ. ವಿಮಲಾ ನಮ್ಮ ಕ್ಲಾಸ್ ಲೀಡರ್ ಆಗಿದ್ದವಳು. ಆ ಹುದ್ದೆಗೆ ರಾಜೀನಾಮೆ ಕೊಟ್ಟ ಹಾಗೆ ನನಗೆ ಕಾಣುವುದಿಲ್ಲ.

ನಾನು ಹಣ್ಣಿನ ಬುಟ್ಟಿ ತರಲು ಶಾಮಿಯಾನದ ಹಿಂದಕ್ಕೆ ಹೋದೆ. ಅಲ್ಲಿ ಮೈದಾನದ ಅಂಚಿಗೆ ಲಾಂಗ್ ಜಂಪಿನ ಮರಳಿನ ಗುಂಡಿ. ಅದರ ಪಕ್ಕ ಒಬ್ಬ ಹುಡುಗಿ, ಹಳದಿ ಹೌಸಿನ ಟೀ ಶರ್ಟು, ಕಾಲು ಚಾಚಿ ಕೂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ಮುಖ ಊದಿತ್ತು.

"ಯಾಕಮ್ಮ, ಬಿದ್ಯಾ?"

"ಇಲ್ಲ ಆಂಟಿ. ನಂದು ಲಾಸ್ಟ್ ಜಂಪ್ ಬಾಕಿ ಇದೆ. ಮಿಸ್ ಹಾರಕ್ಕೇ ಬಿಡ್ತಿಲ್ಲ."

ಹುಡುಗಿಯ ಹೆಸರು ಸ್ನೇಹಾ. ಹತ್ತನೇ ಕ್ಲಾಸು. ಪಕ್ಕದಲ್ಲಿ ಪಿ.ಟಿ. ಟೀಚರ್ ಟೇಪು ಸುತ್ತಿ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಅವರ ಮುಖವೂ ಸಣ್ಣಗಾಯಿತು.

"ಏನ್ಮಾಡ್ಲಿ ಹೇಳಿ ಮೇಡಂ? ಹೋದ ಜಂಪ್‌ನಲ್ಲಿ ಇಷ್ಟರಲ್ಲಿ ತಪ್ಪೋಯ್ತು" ಎಂದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಕಡಲೆಕಾಯಿಯಷ್ಟು ಜಾಗ ತೋರಿಸಿದರು. "ಇನ್ನೊಂದ್ ಸಲ ಹಾರಿದ್ರೆ ರೆಕಾರ್ಡ್ ಹೋಗೇ ಹೋಗುತ್ತೆ. ಅಲ್ಲಿ ನೋಡಿದ್ರೆ 'ಇಂದಿಗೂ ಯಾರೂ ಮುರಿಯದ ದಾಖಲೆ' ಅಂತ ಸನ್ಮಾನ ಪತ್ರದಲ್ಲಿ ಪ್ರಿಂಟ್ ಹಾಕ್ಸಿ, ಫ್ರೇಮ್ ಬೇರೆ ಕಟ್ಸಿದಾರೆ. ಕರೆಸಿ ಅವಮಾನ ಮಾಡ್ದಂಗೆ ಆಗಲ್ವಾ? ಅದಕ್ಕೇ ಸಿಸ್ಟರ್ ಸೋಮವಾರ ಹಾರಿಸಿ ಅಂದ್ರು."

"ಸೋಮವಾರ ಹಾರಿದ್ರೆ ಬೋರ್ಡಿಗೆ ಹಾಕ್ತಾರಾ?"

ಟೀಚರ್ ಟೇಪು ನೋಡಿದರು. ಉತ್ತರ ಸ್ನೇಹಾ ಕೊಟ್ಟಳು. "ಇಲ್ಲ ಆಂಟಿ. ಸ್ಪೋರ್ಟ್ಸ್ ಡೇ ದಿನ ಹಾರಿದ್ದೇ ಆಗ್ಬೇಕು. ನಂಗೆ ಇದೇ ಲಾಸ್ಟ್ ಸ್ಪೋರ್ಟ್ಸ್ ಡೇ."

ಹೌದು, ನಮ್ಮ ಕಾಲದಿಂದಲೂ ಅದೇ ರೂಲು.

ನನಗೆ ಬುಟ್ಟಿ ಭಾರವಾಯಿತು. ಯಾರದೂ ದುರುದ್ದೇಶವಿಲ್ಲ ನೋಡಿ. ಅತಿಥಿಗೆ ನೋವಾಗಬಾರದು ಎಂಬ ಅಪ್ಪಟ ಕಾನ್ವೆಂಟ್ ಮರ್ಯಾದೆ. ಮನೆಗೆ ಬಂದವರು ಸಾರು ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಅನ್ನುವುದಿಲ್ಲವೇ, ಅದೇ ಜಾತಿಯದು. ಆದರೆ ಆ ಮರ್ಯಾದೆಯ ಖರ್ಚು ಯಾರ ತಲೆಯ ಮೇಲೆ ಬಂತು?

ಗಿರಿಜಾಗೆ ಹೇಳಬೇಕೋ ಬೇಡವೋ? ಹೇಳಿದರೆ ಬೋರ್ಡಿನಿಂದ ಅವಳ ಹೆಸರು ಹೋಗಬಹುದು. ಹೇಳದಿದ್ದರೆ ಹೆಸರು ಇರುತ್ತದೆ, ಅವಳು ಮುಂದಿನ ವರ್ಷವೂ ಸುತ್ತು ದಾರಿಯಲ್ಲಿ ಬರುತ್ತಾಳೆ. ನಾನು ಮಾತ್ರ "ಇದೆಯೇನೇ?" ಎಂದು ಕೇಳಲಾರೆ.

ಪೇಟ ತೊಡಿಸುವ ಹೊತ್ತು ಬಂತು. ಸಿಸ್ಟರ್ ತೊಡಿಸಿದರು, ನಾನು ಹಿಂದೆ ನಿಂತು ತುರುಬಿನ ಮೇಲೆ ಸರಿಮಾಡಿದೆ. ಸರಿಮಾಡುತ್ತಾ ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

ಗಿರಿಜಾ ಫೋಟೋದವನಿಗೆ ನಗುಮುಖ ಕೊಡುತ್ತಲೇ ತುಟಿ ಅಲ್ಲಾಡಿಸದೆ ಕೇಳಿದಳು, "ಎಷ್ಟರಲ್ಲಿ ತಪ್ತಂತೆ?"

ಬೆರಳಲ್ಲಿ ಕಡಲೆಕಾಯಿ ತೋರಿಸಿದೆ.

ಅವಳು ಫೋಟೋದವನಿಗೆ ಇನ್ನೊಂದು ನಗು ಕೊಟ್ಟಳು. ಆಮೇಲೆ, "ಬುಡು ಕಣೇ. ಫ್ರೇಮ್ ಹಾಕ್ಸಿಬುಟ್ಟವ್ರೆ" ಅಂದಳು.

ನಾನು ನಿಮಗೆ ಸುಳ್ಳು ಹೇಳುವುದಿಲ್ಲ, ಅವಳು ಹಾಗೆಯೇ ಅಂದದ್ದು. ಅಂದು, ಶಾಲು ಎಳೆದುಕೊಂಡು ಸೋಫಾದಲ್ಲಿ ಇನ್ನಷ್ಟು ಒಳಗೆ ಕೂತಳು. ನಾನಾಗಿದ್ದರೂ ಹಾಗೇ ಕೂರುತ್ತಿದ್ದೆ. ನೀವು?

ವಿಮಲಾ ಸನ್ಮಾನ ಪತ್ರ ಓದತೊಡಗಿದಳು. ಅಗ್ರಹಾರದ ಓಣಿಯ ಬಾಲ್ಯ, ಮನೆ ಮುಂದಿನ ಚರಂಡಿ ಹಾರಿ ಹಾರಿಯೇ ಕಲಿತ ವಿದ್ಯೆ (ಪತ್ರದಲ್ಲಿ ಅದು 'ಜಲಮಾರ್ಗ' ಆಗಿತ್ತು), ಪದಕ, ಕೀರ್ತಿ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಗಿರಿಜಾಳ ಪಾದ ನೋಡುತ್ತಿದ್ದೆ. ಆ ಮೈದಾನದಲ್ಲಿ ಅಲ್ಲಾಡುತ್ತಿದ್ದ ಪಾದ ಅದೊಂದೇ.

"ಇಂದಿಗೂ ಯಾರೂ..." ಎಂದಳು ವಿಮಲಾ.

"ಏ ವಿಮ್ಲಾ, ನಿಲ್ಸೇ!"

ಮೈಕು ಹತ್ತಿರವೇ ಇತ್ತು, ಇಡೀ ಮೈದಾನಕ್ಕೆ ಕೇಳಿಸಿತು. ಗಿರಿಜಾ ಸೋಫಾದಿಂದ ಎದ್ದಿದ್ದಳು. ಆ ಸೋಫಾದಿಂದ ಹಾಗೆ ಒಂದೇ ಸಲಕ್ಕೆ ಏಳುವುದೇ ಒಂದು ದಾಖಲೆ.

"ಸಿಸ್ಟರ್, ಒಂದ್ನಿಮಿಷ. ಅಲ್ಲೊಂದು ಮಗು ಹಾರೋದಿದೆ. ಅದು ಹಾರ್ಲಿ. ಆಮೇಲೆ ಓದ್ಕಳಿ."

ಸಿಸ್ಟರ್ ಪ್ರಿನ್ಸಿಪಾಲ್ ಮಂಗಳೂರಿನ ಕಡೆಯವರು. ದನಿ ಏರಿಸುವವರೇ ಅಲ್ಲ. "ಅದು ಹೇಗೆ ಆಗ್ತದೆ ಗಿರಿಜಾ? ಪ್ರೋಗ್ರಾಮಿನಲ್ಲಿ ಇಲ್ಲ ಅಲ್ವಾ? ನಿಮಗೆ ಬೇಸರ ಆಗಬಾರದು ಅಂತ ಅಲ್ವಾ ನಾವು..."

"ಬೇಸರ ಆಗತ್ತೆ ಸಿಸ್ಟರ್. ಚೆನ್ನಾಗೇ ಆಗತ್ತೆ. ಆದ್ರೂ ಹಾರ್ಲಿ."

ಹೀಗೆ ಹೇಳಿ ವೇದಿಕೆ ಇಳಿದು ಓಡಿದಳು ಎಂಬಲ್ಲಿಗೆ ನಾವು ಶುರು ಮಾಡಿದ ಜಾಗಕ್ಕೆ ಬಂದೆವು. ಹಿಂದೆ ಸಿಸ್ಟರ್, ಅವರ ಹಿಂದೆ ನಾನು, ನಮ್ಮ ಹಿಂದೆ ಇಡೀ ಶಾಮಿಯಾನ.

ಸ್ನೇಹಾ ಗಾಬರಿಯಿಂದ ಎದ್ದು ನಿಂತಿದ್ದಳು. ಗಿರಿಜಾ ಶಾಲು ತೆಗೆದು ನನ್ನ ಕೈಗೆ ಕೊಟ್ಟು ಮೊದಲು ಕೇಳಿದ್ದು, "ಕಾಲು ತಣ್ಣಗಾಗೋಗಿದ್ಯಾ? ಎರಡು ಸುತ್ತು ಓಡ್ಕೊಂಡು ಬಾ." ಹುಡುಗಿ ಬಂದ ಮೇಲೆ, "ಹಾರೋವಾಗ ಮರಳು ನೋಡ್ತೀಯಲ್ವಾ?" ಅಂದಳು.

"ಹೂಂ ಆಂಟಿ."

"ನೋಡ್ಬೇಡ. ಆ ಗಂಟೆ ಕಾಣುತ್ತಲ್ಲ, ಚಾಪೆಲ್ ಮೇಲೆ, ಅದನ್ನ ನೋಡು. ಮರಳು ತಾನಾಗೇ ಬರುತ್ತೆ."

ತನ್ನ ದಾಖಲೆ ಮುರಿಯುವ ಗುಟ್ಟನ್ನು ತಾನೇ ಕೊಟ್ಟಳು! ಕೊಟ್ಟು, ತಕ್ಷಣ, ಕಾಲೂರಿ ಹಾರುವ ಹಲಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಣ್ಣು ಕಿರಿದು ಮಾಡಿದಳು. ಗೆರೆ ಒಂದು ಕೂದಲಿನಷ್ಟು ದಾಟಿದರೂ ಫೌಲ್ ಕೊಡುವ ಕಣ್ಣು ಅದು.

ಸ್ನೇಹಾ ಓಡಿ ಬಂದಳು. ಹಾರಿದಳು. ಮರಳು ಸಿಸ್ಟರ್ ಬಿಳಿ ಉಡುಪಿನವರೆಗೂ ಸಿಡಿಯಿತು.

ಫೌಲ್ ಇಲ್ಲ. ಪಿ.ಟಿ. ಟೀಚರ್ ಟೇಪು ಹಿಡಿದರು. ಇನ್ನೊಂದು ತುದಿ ಗಿರಿಜಾಳ ಕೈಯಲ್ಲಿ. "ಬಿಗಿಯಾಗಿ ಎಳೀರಿ ಮಿಸ್. ಹಂಗೆ ಸಡ್ಲ ಬುಟ್ರೆ ಜಾಸ್ತಿ ತೋರ್ಸುತ್ತೆ. ಇನ್ನೂ ಎಳೀರಿ!" ಟೀಚರ್ ಪಾಪ ಮುಂದಕ್ಕೆ ಮುಗ್ಗರಿಸುವಷ್ಟು ಎಳೆದಳು. ಒಂದು ಕಾಳಿನಷ್ಟೂ ಬಿಟ್ಟುಕೊಡುವ ಲಕ್ಷಣ ಇರಲಿಲ್ಲ.

ಆದರೂ ದಾಖಲೆ ಹೋಯಿತು. ಕಡಲೆಕಾಯಿಯಷ್ಟಲ್ಲ, ಒಂದು ಅಂಗೈ ಅಗಲ ಹೋಯಿತು.

ಹುಡುಗಿಯರೆಲ್ಲ ಕಿರುಚಿದರು. ಸ್ನೇಹಾ ಏನು ಮಾಡಬೇಕೋ ತಿಳಿಯದೆ "ಸಾರಿ ಆಂಟಿ" ಅಂದಳು. (ಕಾನ್ವೆಂಟು!) ಗಿರಿಜಾ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಸಾರಿ ಅಂತೆ ಸಾರಿ! ಹಾರಿಬುಟ್ಟು ಸಾರಿ ಕೇಳ್ತಾಳೆ" ಅಂದಳು. ಕಣ್ಣು ಮಾತ್ರ ಟೇಪಿನ ಮೇಲೇ ಇತ್ತು.

ವೇದಿಕೆಗೆ ಮರಳಿದೆವು. ಫ್ರೇಮು ಹಿಡಿದು ವಿಮಲಾ ಕಂಗಾಲಾಗಿದ್ದಳು. ಬರೆದದ್ದು ಬಿಟ್ಟು ಒಂದಕ್ಷರ ಆಚೀಚೆ ಓದಿದವಳಲ್ಲ ಅವಳು. ಸಿಸ್ಟರನ್ನು ನೋಡಿದಳು. ಸಿಸ್ಟರ್ ಮರಳು ಕೊಡವಿಕೊಳ್ಳುತ್ತಾ, "ಓದಿ, ಓದಿ. ಸತ್ಯವೇ ಓದಿ" ಅಂದರು. ವಿಮಲಾ ಗಂಟಲು ಸರಿಮಾಡಿಕೊಂಡು, "ಇಂದು ಹತ್ತೂಮುಕ್ಕಾಲರವರೆಗೂ ಯಾರೂ ಮುರಿಯದ ದಾಖಲೆಯ ಒಡತಿ" ಎಂದು ಓದಿದಳು. ಅವತ್ತಿನ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೆ.

ಮನೆಗೆ ಬರುವಾಗ ಗಿರಿಜಾ ನನ್ನ ಸ್ಕೂಟರಿನ ಹಿಂದೆ ಕೂತಿದ್ದಳು, ಮಡಿಲಲ್ಲಿ ಹಣ್ಣಿನ ಬುಟ್ಟಿ. ಪಿ.ಟಿ. ರೂಮಿನ ಕಡೆ ಹೋಗಿ ಬರೋಣವೇ ಎಂದು ಕೇಳಿದ್ದೆ, ಬೇಡ ಅಂದಿದ್ದಳು. ಸಿಗ್ನಲ್ ಒಂದಾಯಿತು, ಎರಡಾಯಿತು. ಕನ್ನಡಿಯಲ್ಲಿ ನೋಡಿದರೆ ಕಣ್ಣಂಚು ಒದ್ದೆ. ಕಿವಿಯಲ್ಲಿ ಹೇಳದೆ ಸುಮ್ಮನಿದ್ದಿದ್ದರೆ ಆಗುತ್ತಿತ್ತಲ್ಲ ಅನ್ನಿಸಿತು.

"ಗಿರೀ, ಬೇಜಾರಾ?"

"ಹೂಂ" ಅಂದಳು. ಸುಮ್ಮನೆ 'ಇಲ್ಲ' ಅನ್ನುವ ಜಾತಿಯಲ್ಲ ಅವಳು. "ಪೇಂಟರ್ ಯಾವತ್ತು ಬರ್ತಾನೋ ಏನೋ. ಅವತ್ತು ನನ್ ಜೊತೆಗಿರು."

ನಮ್ಮ ರಸ್ತೆಯ ತಿರುವು ಬಂತು. ಆಗ ನನ್ನ ಹೆಗಲಿನ ಮೇಲೆ ಗದ್ದ ಊರಿ ಕೇಳಿದಳು, "ಅಲ್ಲ ಕಣೇ, ನಮ್ ವಯಸ್ಸಿನೋರಿಗೂ ಸ್ಪೋರ್ಟ್ಸ್ ಮೀಟ್ ನಡೆಸ್ತಾರಂತಲ್ಲ, ಅದ್ರಲ್ಲಿ ಲಾಂಗ್ ಜಂಪ್ ಇದ್ಯಾ?"

"ಇರ್ಬೇಕು. ಯಾಕೆ?"

"ಅದ್ರ ರೆಕಾರ್ಡ್ ಯಾರ್ದು ಅಂತ ಸ್ವಲ್ಪ ವಿಚಾರ್ಸು."

ಆ ಮಹಾತಾಯಿ ಯಾರೋ, ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಅವರ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕಿವಿಮಾತು: ಸನ್ಮಾನ ಏನಾದರೂ ಮಾಡುವುದಿದ್ದರೆ ಬೇಗ ಮಾಡಿಬಿಡಿ!