ಕೈಲಾಸನ ಚೌಕದ ಬಣ್ಣ

ನಮ್ಮ ಆಫೀಸಿನಲ್ಲಿ ಯಾರಾದರೂ ಒಂದು ಚೌಕಕ್ಕೆ ಕೈಯಾರೆ ಬಣ್ಣ ಹಾಕಿದರೆ ವಿಶ್ವಾರಾಧ್ಯ ಸರ್ ಬಂದು ಅವರ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ. ಸುಮ್ಮನೆ ನಿಲ್ಲುತ್ತಿದ್ದರು. ಇದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಅನ್ನಿಸುವಷ್ಟು ಹೊತ್ತು ನಿಂತು, ಆಮೇಲೆ "ರೂಲ್ ಎಲ್ಲಿದೆಯಮ್ಮ?" ಎಂದು ಕೇಳುತ್ತಿದ್ದರು.

ಚಾಮರಾಜಪೇಟೆಯಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿದೆ ನಮ್ಮ ಆಫೀಸು. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಯಾವ ಕಂಪ್ಯೂಟರ್ ವ್ಯವಸ್ಥೆ ಯಾವುದರ ಜೊತೆ ಮಾತಾಡುತ್ತದೆ ಎಂಬುದನ್ನು ಚೌಕ, ಗೆರೆ, ಬಾಣಗಳಲ್ಲಿ ಚಿತ್ರ ಮಾಡಿಕೊಡುವುದು ನಮ್ಮ ಕೆಲಸ. ಅದಕ್ಕೊಂದು ಮಾಡೆಲಿಂಗ್ ಟೂಲ್ ಇದೆ. ಎಡಗಡೆ ಪಟ್ಟಿ, ಬಲಗಡೆ ಚಿತ್ರ. ಇರುವುದೆಲ್ಲ ಪಟ್ಟಿಯಲ್ಲಿರುತ್ತದೆ. ಅದರಲ್ಲಿ ಬೇಕಾದಷ್ಟನ್ನು ಚಿತ್ರದಲ್ಲಿ ತೋರಿಸುತ್ತೇವೆ. ಬಳಕೆಯಲ್ಲಿರುವುದಕ್ಕೆ ಹಸಿರು, ಬಳಕೆ ತಪ್ಪಿದ್ದಕ್ಕೆ ಬೂದು ಬಣ್ಣ ಮತ್ತು ಚುಕ್ಕಿ ಅಂಚು ಎಂದು ಒಮ್ಮೆ ರೂಲ್ ಬರೆದಿಟ್ಟರೆ ಸಾಕು, ಟೂಲ್ ತಾನೇ ಬಣ್ಣ ಹಾಕುತ್ತದೆ. ಆ ರೂಲುಗಳನ್ನೆಲ್ಲ ಬರೆದವರು ವಿಶ್ವಾರಾಧ್ಯ ಸರ್. ಒಂದು ಕಾಲಕ್ಕೆ ಟ್ರೇಸಿಂಗ್ ಪೇಪರಿನ ಮೇಲೆ ಕಟ್ಟಡದ ನಕ್ಷೆ ಬರೆಯುತ್ತಿದ್ದವರು ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು, ನಮ್ಮಂಥ ಪದವಿ ಹೊತ್ತವರಿಗೆ ಪಾಠ ಹೇಳುವಂತಾಗಿದ್ದರು.

"ಒಂದು ಬಾಕ್ಸಿಗೆ ನಿಂಗೆ ಇಷ್ಟ ಬಂದ ಬಣ್ಣ ಹಾಕಿದ್ರೆ ಅದು ಸುಳ್ಳು ಕಣಮ್ಮ. ರೂಲ್ ಬದಲಾಯಿಸು, ಆಗ ಎಲ್ಲಾದಕ್ಕೂ ನ್ಯಾಯ ಒಂದೇ," ಅನ್ನುತ್ತಿದ್ದರು. ಅವರ ಇನ್ನೊಂದು ಸಿಟ್ಟು ಆಟೋ ಅರೇಂಜ್ ಗುಂಡಿಯ ಮೇಲೆ. ಅದನ್ನು ಒತ್ತಿದರೆ ಚೌಕಗಳೆಲ್ಲ ತಾವೇ ಸರಿದು, ಮಧ್ಯದ ಖಾಲಿ ಜಾಗ ಮುಚ್ಚಿಕೊಂಡು ನೀಟಾಗಿ ಕೂರುತ್ತವೆ. ಸರ್ ಅದಕ್ಕೆ ಸೋಮಾರಿ ಗುಂಡಿ ಎಂದು ಹೆಸರಿಟ್ಟಿದ್ದರು. ಹನ್ನೆರಡು ವರ್ಷದಲ್ಲಿ ಅವರು ಅದನ್ನು ಒತ್ತಿದ್ದನ್ನು ನಾನಂತೂ ನೋಡಿಲ್ಲ.

ನಾನು ಸೇರಿದ ಮೊದಲ ತಿಂಗಳು ಒಂದು ಚೌಕ ಬೇಡವೆಂದು ಡಿಲೀಟ್ ಒತ್ತಿದೆ. ಟೂಲ್ ಕೇಳಿತು: ಚಿತ್ರದಿಂದ ಮಾತ್ರ ತೆಗೆಯಬೇಕೋ, ಪಟ್ಟಿಯಿಂದಲೂ ಅಳಿಸಬೇಕೋ? ಓದುವ ತಾಳ್ಮೆ ಯಾರಿಗಿತ್ತು? ಎರಡನೆಯದನ್ನು ಒತ್ತಿಬಿಟ್ಟೆ. ಅದಕ್ಕೆ ಸೇರಿದ ಗೆರೆಗಳೆಲ್ಲ ಎಲ್ಲ ಚಿತ್ರಗಳಿಂದಲೂ ಅಳಿಸಿ, ಆಫೀಸಿನ ಮೂರು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವತ್ತೂ ಸರ್ ಬೈಯಲಿಲ್ಲ. "ಚೈತನ್ಯಾ, ಕಣ್ಣಿಗೆ ಕಾಣದ ಹಾಗೆ ಮಾಡೋದು ಬೇರೆ, ಇಲ್ಲದ ಹಾಗೆ ಮಾಡೋದು ಬೇರೆ. ಈ ಪ್ರಶ್ನೆ ಬಂದಾಗ ಎರಡು ಸಲ ಓದು," ಎಂದಷ್ಟೇ ಹೇಳಿ ಬ್ಯಾಕಪ್ಪಿನಿಂದ ಎಲ್ಲ ತೆಗೆದುಕೊಟ್ಟರು.

ಇಂಥ ಮನುಷ್ಯನ ಮಗ ಎರಡು ವರ್ಷದ ಹಿಂದೆ ತೀರಿಕೊಂಡ. ಕೈಲಾಸ್‌ಗೆ ಇಪ್ಪತ್ತೇಳು. ಡೆಂಗಿ ಜ್ವರ, ಒಂಬತ್ತು ದಿನ. ಮದುವೆಗೆ ಹೆಣ್ಣು ನೋಡುತ್ತಿದ್ದ ಮನೆಯಲ್ಲಿ ಹನ್ನೊಂದನೇ ದಿನದ ಕಾರ್ಯ ನಡೆಯಿತು. ಹದಿನೈದನೇ ದಿನ ಸರ್ ಹಣೆ ತುಂಬ ವಿಭೂತಿ ಇಟ್ಟುಕೊಂಡು ಆಫೀಸಿಗೆ ಬಂದು, ತಮ್ಮ ಜಾಗದಲ್ಲಿ ಕುಳಿತು ಬಾಣಗಳ ದಪ್ಪ ಸರಿಮಾಡತೊಡಗಿದರು.

ಅವರ ಹೆಂಡತಿ ಶೈಲಜಮ್ಮನವರಿಗೆ ಮರೆವು ಶುರುವಾದದ್ದು ಅದಾಗಿ ಆರೇಳು ತಿಂಗಳಿಗೆ. ಮೊದಲು ಹಾಲು ಉಕ್ಕಿ ಹೋಗುತ್ತಿತ್ತು, ಬೀದಿ ತಪ್ಪುತ್ತಿತ್ತು. ಆಮೇಲೆ ಮಗಳು ಮಾನ್ಯಳನ್ನು ತಮ್ಮ ತಂಗಿ ಅಂದುಕೊಂಡು ಮಾತಾಡತೊಡಗಿದರು. ವಯಸ್ಸು ಐವತ್ತಾರು. ಡಾಕ್ಟರು ಮನೆಯವರ ಫೋಟೋಗಳನ್ನು ದಿನಾ ತೋರಿಸಿ ಎಂದರಂತೆ. ಫೋಟೋದಲ್ಲಿ ಅವರಿಗೆ ಮುಖಗಳು ಗೊತ್ತಾಗುತ್ತಿದ್ದವು, ಯಾರು ಯಾರಿಗೆ ಏನಾಗಬೇಕು ಎಂಬುದು ಗೊತ್ತಾಗುತ್ತಿರಲಿಲ್ಲ.

ಸರ್‌ಗೆ ಗೊತ್ತಿದ್ದ ವಿದ್ಯೆ ಒಂದೇ. ಟೂಲಿನಲ್ಲಿ ಮನೆಯವರದೊಂದು ಚಿತ್ರ ಮಾಡಿದರು. ಪ್ರತಿಯೊಬ್ಬರಿಗೂ ಒಂದು ಚೌಕ, ಒಳಗೆ ದಪ್ಪ ಅಕ್ಷರದಲ್ಲಿ ಹೆಸರು. ಗಂಡಹೆಂಡಿರ ನಡುವೆ ಜೋಡಿಗೆರೆ, ಅಲ್ಲಿಂದ ಮಕ್ಕಳಿಗೆ ಇಳಿಯುವ ಗೆರೆ. ಇರುವವರಿಗೆ ವೀಳ್ಯದೆಲೆಯ ಹಸಿರು. ಹೋದವರಿಗೆ ವಿಭೂತಿಯ ಬಣ್ಣ, ಚುಕ್ಕಿ ಅಂಚು. ಆ ರೂಲಿಗೆ ಅವರು ಕೊಟ್ಟ ಹೆಸರು 'ಲಿಂಗೈಕ್ಯ'. ತಮ್ಮ ತಂದೆತಾಯಿ, ನಗರ್ತಪೇಟೆಯ ಅತ್ತೆಮಾವ, ಕೈಲಾಸ್, ಹೀಗೆ ಹೋದವರದು ಒಟ್ಟು ಐದು ಚೌಕ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಯಲು ನಮ್ಮ ಆಫೀಸಿಗೇ ತಂದಿದ್ದರು. ಅಕ್ಷರ ಇನ್ನೊಂದಿಷ್ಟು ದೊಡ್ಡದಿರಲಿ ಎಂದು ಹೇಳಿದವಳು ನಾನು.

ಚಿತ್ರ ಕೆಲಸ ಮಾಡಿತು. ಬೀರುವಿನ ಬಾಗಿಲಿಗೆ ಅಂಟಿಸಿದ ಹಾಳೆಯ ಮುಂದೆ ಶೈಲಜಮ್ಮ ಬೆಳಿಗ್ಗೆ ಎದ್ದು ನಿಲ್ಲುತ್ತಿದ್ದರು. ಬೆರಳಿಟ್ಟು ಗೆರೆ ಹಿಡಿದು ಹೋಗಿ ಇವರು ನಮ್ಮ ಯಜಮಾನರು, ಇವಳು ನನ್ನ ಮಗಳು ಎಂದು ಸರಿಯಾಗಿ ಹೇಳುತ್ತಿದ್ದರು. ಸರ್ ಆ ವಾರ ನಮಗೆಲ್ಲ ಖಾರಾಬನ್ ತರಿಸಿದರು. ಆದರೆ ಬೆರಳು ಮಾನ್ಯಳ ಚೌಕದಲ್ಲೇ ನಿಲ್ಲಬೇಕಲ್ಲ? ಪಕ್ಕದ್ದಕ್ಕೆ ಹೋಗುತ್ತಿತ್ತು.

"ರೀ, ಕೈಲಾಸಂದು ಯಾಕೆ ಈ ಬಣ್ಣ?"

ಚಿತ್ರ ಸುಳ್ಳು ಹೇಳಬಾರದು ಎನ್ನುವ ಮನುಷ್ಯ ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳುತ್ತಿದ್ದರು. ಆಕೆ ಆಗಷ್ಟೇ ಕೇಳಿದವರಂತೆ, ಅಂದರೆ ಆಗಷ್ಟೇ ಕೇಳಿದವರೇ, ಎದೆ ಬಡಿದುಕೊಂಡು ಅಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮರೆಯುತ್ತಿದ್ದರು. ಮರುದಿನ ಬೆಳಿಗ್ಗೆ ಮತ್ತೆ ಬೀರುವಿನ ಮುಂದೆ. ಹಿರಿಯರ ನಾಲ್ಕು ಬೂದು ಚೌಕ ನೋಡಿ "ವಯಸ್ಸಾಗಿತ್ತು ಪಾಪ" ಎಂದು ಮುಂದೆ ಹೋಗುತ್ತಿದ್ದವರು ಮಗನ ಚೌಕದಲ್ಲಿ ಮಾತ್ರ ದಿನಾ ಬೀಳುತ್ತಿದ್ದರು. ಮಗ ಸತ್ತದ್ದು ಒಂದು ಸಲ. ಆ ತಾಯಿಗೆ ಮಾತ್ರ ಇಪ್ಪತ್ತಮೂರು ದಿನ, ದಿನಕ್ಕೊಂದು ಸಲ.

ಹಾಳೆ ಕಿತ್ತುಹಾಕಿ ಎಂದೆ. ಕಿತ್ತರೆ ಶೈಲಜಮ್ಮನ ನೆನಪಿನಿಂದ ಮಾನ್ಯಳೂ ಹೋಗುತ್ತಾಳೆ, ತಾವೂ ಹೋಗುತ್ತೇವೆ ಎಂದರು ಸರ್. ಹಾಗಾದರೆ ಕೈಲಾಸ್‌ದು ಹಸಿರು ಮಾಡಿ ಎಂದೆ. ನಾನು ಹೇಳಬಾರದಿತ್ತು. ನನ್ನ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ.

ಇಪ್ಪತ್ತನಾಲ್ಕನೇ ದಿನ ಸರ್ ಹಾಗೇ ಮಾಡಿದರು. ಆದರೆ ಅವರು ವಿಶ್ವಾರಾಧ್ಯ ಸರ್ ಅಲ್ಲವೇ? ಒಂದು ಚೌಕಕ್ಕೆ ಕೈಯಾರೆ ಬಣ್ಣ ಹಾಕಲು ಮನಸ್ಸು ಒಪ್ಪಲಿಲ್ಲ. ಅಭ್ಯಾಸಬಲದಿಂದ ರೂಲನ್ನೇ ಬದಲಾಯಿಸಿದರು. 'ಲಿಂಗೈಕ್ಯ' ಎಂಬ ರೂಲಿನ ಬಣ್ಣ ವೀಳ್ಯದೆಲೆಯ ಹಸಿರಾಯಿತು, ಅಂಚು ಗಟ್ಟಿಯಾಯಿತು. ಐದೂ ಜನ ಒಟ್ಟಿಗೆ ಎದ್ದು ಕುಳಿತರು. ಪ್ರಿಂಟ್ ಕೈಗೆ ಬಂದ ಮೇಲೆ ಸರ್ ಅದನ್ನು ನೋಡಿದರು. ನೋಡಿಯೂ ಹಾಗೇ ಸುರುಳಿ ಸುತ್ತಿ ಮನೆಗೆ ಒಯ್ದರು.

ಶೈಲಜಮ್ಮನವರಿಗೆ ಆ ದಿನ ಹಬ್ಬ. ಅಮ್ಮ ಇದ್ದಾಳೆ, ಅಪ್ಪ ಇದ್ದಾನೆ, ಕೈಲಾಸ ಇದ್ದಾನೆ. ಅವರೆಕಾಯಿಯ ಕಾಲ. ಸೊಗಡಿನ ಕಾಯಿ ತರಿಸಿ, ಬಿಡಿಸಿ, ನೀರಿನಲ್ಲಿ ನೆನೆಹಾಕಿ, ಒಂದೊಂದೇ ಕಾಳನ್ನು ಹಿದುಕುತ್ತ ಕುಳಿತರು. ಹಿದುಕಿದ ಬೇಳೆ ಸಾರೆಂದರೆ ಕೈಲಾಸ್‌ಗೆ ಪ್ರಾಣ. ತಲೆ ಮರೆತದ್ದನ್ನು ಅವರ ಬೆರಳುಗಳು ಮರೆತಿರಲಿಲ್ಲ. ಸಂಜೆ ಮಾನ್ಯ ಬಂದಾಗ ಅಮ್ಮ ನಗುತ್ತಿದ್ದಳಂತೆ. ಎರಡು ವರ್ಷದ ಮೇಲೆ ಅದೇ ಮೊದಲು.

ಕೈಲಾಸ್ ಬರಲಿಲ್ಲ.

ಕೆಲಸದ ಮೇಲೆ ಊರಿಗೆ ಹೋಗಿದಾನೆ ಎಂದರು ಸರ್. ಮರುದಿನ ಶೈಲಜಮ್ಮ ಹಾಳೆ ನೋಡಿದರು, ಮತ್ತೆ ಕಾಳು ಹಿದುಕಿದರು, ಮತ್ತೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತರು. ಮಗ ಬರಲಿಲ್ಲ ಎಂಬುದು ಮಾತ್ರ ಅದು ಹೇಗೋ ಒಳಗೆ ಉಳಿಯುತ್ತ ಹೋಯಿತು. ಸಾವಿನ ಸುದ್ದಿಯನ್ನು ಮಧ್ಯಾಹ್ನಕ್ಕೆ ಮರೆಯುತ್ತಿದ್ದ ಹೆಂಗಸಿಗೆ ಈ ನೋವು ಮರೆತುಹೋಗಲಿಲ್ಲ. ನಾಲ್ಕನೇ ಸಂಜೆ ಊಟ ಬಿಟ್ಟರು.

"ಅವನಿಗೆ ನನ್ನ ಮೇಲೆ ಕೋಪ ಕಣ್ರೀ. ನಾನೇನೋ ಅಂದಿರಬೇಕು. ಏನಂದೆ ಅಂತ ಜ್ಞಾಪಕ ಬರ್ತಿಲ್ಲ. ಒಂದು ಸಲ ಫೋನ್ ಮಾಡ್ಕೊಡಿ, ತಪ್ಪಾಯ್ತು ಅಂತ ಹೇಳ್ತೀನಿ."

ಇದನ್ನು ನನಗೆ ಹೇಳುವಾಗ ಸರ್ ಆಫೀಸಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಕೆಳಗೆ ಗಿರಣಿ ಓಡುತ್ತಿತ್ತು, ಅವರ ಶರ್ಟಿನ ತೋಳಿಗೆಲ್ಲ ರಾಗಿಹಿಟ್ಟು. "ಮಗ ಇಲ್ಲ ಅನ್ನೋ ದುಃಖಾನ ತಗೊಂಡು, ಮಗ ನನ್ನ ಬಿಟ್ಟ ಅನ್ನೋ ದುಃಖ ಕೊಟ್ಟೆ ಕಣಮ್ಮ ಅವಳಿಗೆ," ಎಂದರು. ನನಗೆ ಸಿಟ್ಟು ಬಂತು. ಸಾಯುವುದಕ್ಕೆ ಆ ಹುಡುಗನಿಗೇನು ಅವಸರವಿತ್ತು ಎಂದು ಅವನ ಮೇಲೆ ಬಂತು. ಹಸಿರು ಮಾಡಿ ಎಂದ ನನ್ನ ಮೇಲೂ ಬಂತು.

ಆ ರಾತ್ರಿ ಸರ್ ರೂಲನ್ನು ಮತ್ತೆ ಬೂದಿಗೆ ತಂದರು. ಹಿರಿಯರು ನಾಲ್ವರು ತಮ್ಮ ಬಣ್ಣಕ್ಕೆ ಹೋದರು. ಕೈಲಾಸ್‌ನ ಚೌಕ ಆರಿಸಿ ಡಿಲೀಟ್ ಒತ್ತಿದರು. ಟೂಲ್ ಕೇಳಿತು: ಚಿತ್ರದಿಂದ ಮಾತ್ರ ತೆಗೆಯಬೇಕೋ, ಪಟ್ಟಿಯಿಂದಲೂ ಅಳಿಸಬೇಕೋ? ಎರಡು ಸಲ ಓದಿದರಂತೆ. ಚಿತ್ರದಿಂದ ಮಾತ್ರ ತೆಗೆದರು. ಪಕ್ಕದಲ್ಲಿದ್ದ ಮಾನ್ಯ "ಅಣ್ಣನ್ನ ತೆಗೀಬೇಡಿ ಅಪ್ಪ" ಎಂದು ಅವರ ಕೈ ಹಿಡಿದಿದ್ದಳು. "ಅಮ್ಮ ಊಟ ಮಾಡ್ಬೇಕಲ್ಲಮ್ಮ," ಎಂದರಂತೆ ಸರ್.

ಬೆಳಿಗ್ಗೆ ಹೊಸ ಹಾಳೆಯ ಮುಂದೆ ಶೈಲಜಮ್ಮನ ಬೆರಳು ಮಾನ್ಯಳ ಚೌಕ ದಾಟಿ ಪಕ್ಕಕ್ಕೆ ಹೋಗಿ ನಿಂತಿತು. ಅಲ್ಲಿ ಒಂದು ಚೌಕದಷ್ಟು ಬಿಳಿ ಜಾಗವಿತ್ತು.

"ಇಲ್ಲಿ ಯಾಕ್ರೀ ಖಾಲಿ ಬಿಟ್ಟಿದೀರಿ? ಯಾರೋ ಇದ್ರಲ್ಲ."

ಉಳಿದ ಚೌಕಗಳನ್ನು ಸರಿಸಿ ಆ ಜಾಗ ಮುಚ್ಚಲು ಸರ್‌ಗೆ ಕೈ ಬಂದಿರಲಿಲ್ಲ. ಹತ್ತು ಗಂಟೆಗೆ ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಆಫೀಸಿಗೆ ಬಂದು ನನ್ನ ಮೇಜಿನ ಮೇಲೆ ಇಟ್ಟರು. ಚಿತ್ರ ತೆರೆದೇ ಇತ್ತು. ಎಡಗಡೆ ಪಟ್ಟಿಯಲ್ಲಿ ಕೈಲಾಸ್ ಎಂಬ ಹೆಸರು, ಬಲಗಡೆ ಅವನ ಜಾಗ.

"ಆ ಸೋಮಾರಿ ಗುಂಡಿ ಒತ್ತಮ್ಮ," ಎಂದರು. "ನನ್ನ ಕೈಲಾಗ್ತಿಲ್ಲ."

"ಸರ್..."

"ಒತ್ತು. ಅವಳು ಮತ್ತೆ ಕೇಳಿದ್ರೆ ನಾನು ಹೇಳ್ಬಿಡ್ತೀನಿ."

ಅವರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಒತ್ತಿದೆ. ಮಾನ್ಯಳ ಚೌಕ ಸರಿದು ಅಪ್ಪ ಅಮ್ಮನ ನೇರ ಕೆಳಗೆ, ನಟ್ಟನಡುವೆ ಬಂದು ಕುಳಿತಿತು. ಅಷ್ಟೇ ಆಗಿದ್ದು. ಅರ್ಧ ಸೆಕೆಂಡಿನ ಕೆಲಸ. ಚಿತ್ರ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೆ ಅಳು ತಡೆಯಲಾಗಲಿಲ್ಲ.

ಸಂಕ್ರಾಂತಿಯ ಮುಂದಿನ ಭಾನುವಾರ ಎಳ್ಳುಬೆಲ್ಲ ಕೊಡುವ ನೆಪದಲ್ಲಿ ಅವರ ಮನೆಗೆ ಹೋದೆ. ಶೈಲಜಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿರಲಿಲ್ಲ. ನಡುಮನೆಯಲ್ಲಿ ಕುಳಿತು, ಪಾತ್ರೆಯಲ್ಲಿ ನೆನೆದ ಅವರೆಕಾಳು ಹಿದುಕುತ್ತಿದ್ದರು. ಮೈ ಸ್ವಲ್ಪ ತುಂಬಿಕೊಂಡಿತ್ತು. ನನ್ನ ಗುರುತು ಸಿಗಲಿಲ್ಲ, ಆದರೂ "ಬನ್ನಿ ಬನ್ನಿ" ಎಂದು ಬೀರುವಿನ ಹತ್ತಿರ ಕರೆದೊಯ್ದು ಹಾಳೆ ತೋರಿಸಿದರು.

"ಇವ್ರು ನಮ್ಮ ಯಜಮಾನ್ರು. ಇವಳು ಮಾನ್ಯ. ನಮಗೆ ಒಬ್ಬಳೇ ಮಗಳು," ಎಂದು, ಕಾಫಿ ಹಿಡಿದು ಬಂದ ಸರ್ ಕಡೆ ತಿರುಗಿದರು. "ಅಲ್ವೇನ್ರೀ?"

ಸರ್ ಲೋಟ ನನ್ನ ಕೈಗೆ ಕೊಟ್ಟರು.

"ಹೌದು ಶೈಲಾ. ಒಬ್ಬಳೇ."

ನಾನು ಹೊರಡುವಾಗ ಆಕೆ ಹಿದುಕಿದ ಬೇಳೆಯನ್ನು ಅಳತೆ ನೋಡಿ, ಒಂದು ಪಾಲು ಬೇರೆ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿದರು. ಹಾಕಿ, ಮುಚ್ಚಳ ಒತ್ತಿದರು.

"ಇದನ್ನ ಯಾರಿಗೋ ಎತ್ತಿಡಬೇಕಿತ್ತು. ಯಾರಿಗೆ ಅಂತ ಹೊಳೀತಿಲ್ಲ," ಎಂದರು. ಆಮೇಲೆ, "ಹೋಗ್ಲಿ, ನೀವೇ ತಗೊಂಡ್ಹೋಗಿ. ಸಾರು ಮಾಡ್ಕೊಳಿ."

ಸರ್ ಮುಖ ನೋಡಿದೆ. ಅವರು ತಗೋ ಎನ್ನುವಂತೆ ತಲೆ ಅಲ್ಲಾಡಿಸಿದರು. ಡಬ್ಬಿ ಮನೆಗೆ ತಂದು ಸಾರು ಮಾಡಿ, ತಟ್ಟೆಗೆ ಬಡಿಸಿಕೊಂಡು ಕುಳಿತೆ. ಕೈಲಾಸ್‌ನ ಪಾಲು ಅದು.